ರಿಸ್ಕ್ ಆಡೋರು ಬನ್ನಿ: ಮೂರು ಕಾರ್ಡಿಗೆ ಸೆಟ್ ಬೀಳೋ ಚಾನ್ಸ್ 33 ಪರ್ಸೆಂಟಾ, 42 ಪರ್ಸೆಂಟಾ?

ದಾಳದ_ದಾಸ

ನಮಸ್ಕಾರ ಎಲ್ರಿಗೂ. ನಾವು ನಾಲ್ಕು ಜನ ರೂಮಲ್ಲಿ ರಿಸ್ಕ್ (ಪ್ರಪಂಚದ ಮ್ಯಾಪ್ ಮೇಲೆ ಸೈನ್ಯ ಇಟ್ಟು, ದಾಳ ಹಾಕಿ ಒಬ್ಬರ ದೇಶ ಇನ್ನೊಬ್ಬರು ಗೆಲ್ಲೋ ಬೋರ್ಡ್ ಆಟ) ಆಡ್ತಾ ಇದೀವಿ, ಆಟ ಅರ್ಧಕ್ಕೆ ನಿಂತಿದೆ, ಬೋರ್ಡನ್ನ ಹಾಗೇ ಮಂಚದ ಕೆಳಗೆ ತಳ್ಳಿ ಇಟ್ಟಿದೀವಿ, ಈ ಭಾನುವಾರ ಮುಂದುವರಿಯುತ್ತೆ, ಮೊದಲ ಟರ್ನ್ ನಂದೇ. ಜಗಳ ಏನಪ್ಪಾ ಅಂದ್ರೆ ಕಾರ್ಡಿಂದು. ನನ್ನ ಕೈಲಿ ಮೂರು ಕಾರ್ಡ್ ಇದೆ, ಎರಡು ಕುದುರೆ ಒಂದು ತೋಪು, ಸೆಟ್ ಆಗಿಲ್ಲ (ಮೂರೂ ಒಂದೇ ಜಾತಿ ಇಲ್ಲಾ ಮೂರೂ ಬೇರೆ ಬೇರೆ ಆದ್ರೆ ಸೆಟ್, ಅದನ್ನ ಕೊಟ್ರೆ ಸೈನ್ಯ ಸಿಗುತ್ತೆ). ಎಡಗಡೆ ಕೂತಿರೋನ ಹತ್ರ ನಾಲ್ಕು ಕಾರ್ಡ್ ಇದೆ. ಇಲ್ಲಿ ತನಕ ಇಡೀ ಆಟದಲ್ಲಿ ಎರಡೇ ಸೆಟ್ ಹೋಗಿರೋದು, 4 ಮತ್ತು 6 ಸೈನ್ಯಕ್ಕೆ, ಸೆಟ್ ಹೋದ ಹಾಗೆ ರೇಟ್ ಏರುತ್ತೆ, ಅಂದ್ರೆ ಮುಂದಿನ ಸೆಟ್ ಯಾರು ಕೊಟ್ರೂ 8 ಸೈನ್ಯ. ರೂಮ್‌ಮೇಟ್ ಹೇಳ್ತಾನೆ ಮೂರು ಕಾರ್ಡಿಗೆ ಸೆಟ್ ಬೀಳೋ ಚಾನ್ಸ್ ಮೂರರಲ್ಲಿ ಒಂದು ಅಂತ, ನೆಟ್ಟಲ್ಲಿ ನೋಡಿದ್ರೆ 42 ಪರ್ಸೆಂಟ್ ಅಂತಿದೆ, ಯಾವುದು ಸರಿ?

ಇನ್ನೊಂದು, ನಾನು ಈ ಟರ್ನಲ್ಲಿ ಯಾವುದಾದ್ರೂ ಬಡಪಾಯಿ ದೇಶ ಒಂದು ಗೆದ್ದು ನಾಲ್ಕನೇ ಕಾರ್ಡ್ ತಗೊಂಡು ಸುಮ್ನೆ ಕೂರ್ಬೇಕಾ, ಅಥವಾ ಎಡಗಡೆಯವನನ್ನ ಪೂರ್ತಿ ಮುಗಿಸಿ ಅವನ ಕಾರ್ಡೆಲ್ಲ ಕಿತ್ಕೊಳ್ಳೋಕೆ ಹೋಗ್ಬೇಕಾ? ಅವನಿಗೆ ಉಳಿದಿರೋದು ನಾಲ್ಕೇ ದೇಶ: ಸಯಾಮಲ್ಲಿ 3 ಸೈನ್ಯ, ಇಂಡೋನೇಷ್ಯಾ, ನ್ಯೂ ಗಿನಿ, ವೆಸ್ಟರ್ನ್ ಆಸ್ಟ್ರೇಲಿಯಾ ಮೂರರಲ್ಲೂ ತಲಾ 2. ಇಂಡಿಯಾದಲ್ಲಿ ನನ್ನ 12 ಇದೆ, ಒಟ್ಟು 14 ದೇಶ ನಂದು, ಸೋ ಟರ್ನ್ ಶುರುವಲ್ಲಿ ಇನ್ನೂ 4 ಬರುತ್ತೆ.

ಹುಬ್ಬಳ್ಳಿ_ಹುಲಿ

ಅಲ್ರೀ, ಕೈಯಾಗಿನ ಕಾರ್ಡ್ ಹಿಂಗ ಊರಿಗೆಲ್ಲ ಹೇಳ್ಕೋತ ಹೊಂಟ್ರ ಆಟ ಹ್ಯಾಂಗ ಗೆಲ್ತೀರಿ? ಇರ್ಲಿ. ಲೆಕ್ಕ ಭಾಳ ಸಸಾರ ಐತಿ. ಮೂರು ನಮೂನಿ ಕಾರ್ಡು, ಕಾಲಾಳು, ಕುದುರಿ, ತೋಪು. ಮೂರು ಸರ್ತಿ ಎತ್ತಿದ್ರ 3×3×3 ಅಂದ್ರ 27 ನಮೂನಿ ಕೈ ಆಗ್ತಾವ. ಮೂರೂ ಒಂದ ಜಾತಿ ಬರೋದು 3, ಮೂರೂ ಬ್ಯಾರೆ ಬ್ಯಾರೆ ಬರೋದು 6. ಒಟ್ಟ 9. 27ರಾಗ 9 ಅಂದ್ರ ಮೂರರಾಗ ಒಂದು. ನಿಮ್ಮ ರೂಮ್‌ಮೇಟ್ ಶಾಣ್ಯಾ ಅದಾನ.

ಸನ್ನಿವೇಲ್_ಸೀನ

ಜೋಕರ್ ಎಲ್ಲಿ ಹೋಯ್ತು ಗುರು? ಎರಡು ವೈಲ್ಡ್ ಕಾರ್ಡ್ ಇದೆಯಲ್ಲ ಡೆಕ್ಕಲ್ಲಿ.

ಹುಬ್ಬಳ್ಳಿ_ಹುಲಿ

ಎರಡು ಜೋಕರ್‌ಲೇ ಏನ್ ಮಹಾ ಫರಕ್ ಬೀಳ್ತದ. 44 ಕಾರ್ಡಿನಾಗ ಎರಡು.

ಗಣಿತದ_ಮೇಷ್ಟ್ರು

ಹುಲಿಯವರೇ, ಫರಕು ಬೀಳುತ್ತೆ, ಅದೂ ಸಣ್ಣದಲ್ಲ. ಪೂರ್ತಿ ಎಣಿಸಿಬಿಡೋಣ. ಹತ್ತನೇ ಕ್ಲಾಸಲ್ಲಿ ಓದಿದ ವಿಕಲ್ಪಗಳ ಲೆಕ್ಕ ಸಾಕು, ಅದಕ್ಕಿಂತ ಹೆಚ್ಚಿನದೇನೂ ಬೇಡ.

ಡೆಕ್ಕಲ್ಲಿ ಒಂದು ದೇಶಕ್ಕೆ ಒಂದರಂತೆ 42 ಕಾರ್ಡ್, ಅದರಲ್ಲಿ ಕಾಲಾಳು 14, ಕುದುರೆ 14, ತೋಪು 14. ಜೊತೆಗೆ 2 ಜೋಕರ್. ಒಟ್ಟು 44. ಇದರಿಂದ ಮೂರು ಕಾರ್ಡ್ ಆರಿಸೋಕೆ 13,244 ದಾರಿ. ಜೋಕರ್ ಇಲ್ಲದ ಕೈಗಳು ಅದರಲ್ಲಿ 11,480. ಆ 11,480ರಲ್ಲಿ ಮೂರೂ ಒಂದೇ ಜಾತಿ ಇರೋದು ಜಾತಿಗೆ 364ರ ಹಾಗೆ 1,092, ಮೂರೂ ಬೇರೆ ಇರೋದು 14×14×14 ಅಂದ್ರೆ 2,744. ಕೂಡಿದ್ರೆ 3,836, ಇದು 11,480ರ ಮೂರನೇ ಒಂದು ಭಾಗದ ಹತ್ತಿರ ಹತ್ತಿರವೇ, 33.4 ಪರ್ಸೆಂಟ್. ಅಂದ್ರೆ ಜೋಕರ್ ತೆಗೆದಿಟ್ಟು ಆಡೋರಿಗೆ ನಿಮ್ಮ ಲೆಕ್ಕ ಸರಿ.

ಈಗ ಜೋಕರ್ ಇರೋ ಕೈ. 13,244ರಿಂದ 11,480 ಕಳೀರಿ, 1,764. ಜೋಕರ್ ಜೊತೆ ಯಾವ ಎರಡು ಕಾರ್ಡ್ ಇದ್ರೂ ಸೆಟ್ಟೇ, ಆದ್ದರಿಂದ ಈ 1,764ಕ್ಕೆ 1,764ಕ್ಕೂ ಸೆಟ್. ಒಟ್ಟು 3,836 + 1,764 = 5,600. ಅದನ್ನ 13,244ರಿಂದ ಭಾಗಿಸಿದ್ರೆ 42.28 ಪರ್ಸೆಂಟ್. (42 ದೇಶ, 42 ಪರ್ಸೆಂಟ್, ಇದು ಕಾಕತಾಳೀಯ ಅಷ್ಟೇ, ಇದರ ಮೇಲೆ ಯಾರೂ ಥಿಯರಿ ಕಟ್ಟಬೇಡಿ.)

ನಾಲ್ಕು ಕಾರ್ಡಿಗೆ ಉಲ್ಟಾ ಎಣಿಸೋದು ಸುಲಭ. ಸೆಟ್ ಆಗಬಾರದು ಅಂದ್ರೆ ಜೋಕರ್ ಇರಬಾರದು, ಮೂರು ಜಾತಿಯೂ ಬರಬಾರದು, ಒಂದೇ ಜಾತಿ ಮೂರು ಸಲ ಬರಬಾರದು. ಉಳಿಯೋದು ಒಂದೇ ರೂಪ, ಒಂದು ಜಾತಿಯ ಎರಡು ಇನ್ನೊಂದು ಜಾತಿಯ ಎರಡು. ಅಂಥ ಕೈಗಳು 3×91×91 ಅಂದ್ರೆ 24,843. ನಾಲ್ಕು ಕಾರ್ಡಿನ ಒಟ್ಟು ಕೈಗಳು 1,35,751. ಹಾಗಾಗಿ ಸೆಟ್ ಆಗದೇ ಇರೋದು 18.3, ಆಗೋದು 81.7 ಪರ್ಸೆಂಟ್.

ಐದು ಕಾರ್ಡಿಗೆ ಲೆಕ್ಕವೇ ಬೇಡ. ಮೂರು ಜಾತಿ ಇದ್ರೆ ತಲಾ ಒಂದರ ಸೆಟ್. ಇಲ್ಲ, ಎರಡೇ ಜಾತಿ ಇದೆ ಅಂದ್ರೆ ಐದು ಕಾರ್ಡನ್ನ ಎರಡು ಜಾತಿಗೆ ಹಂಚಿದಾಗ ಯಾವುದಾದ್ರೂ ಒಂದಕ್ಕೆ ಮೂರು ಬಿದ್ದೇ ಬೀಳುತ್ತೆ. ಐದು ಇದ್ರೆ ಕೊಡಲೇಬೇಕು ಅಂತ ರೂಲ್ ಮಾಡಿರೋದು ಈ ಧೈರ್ಯದ ಮೇಲೇ.

ಸನ್ನಿವೇಲ್_ಸೀನ

ಮೇಷ್ಟ್ರಿಗೆ ಜೈ. ನಾನೂ ಈಗ ಕೂತು ಪೈಥಾನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಲಕ್ಷಗಟ್ಟಲೆ ಕೈ ಹಂಚಿಸ್ದೆ, 42.3ರ ಆಚೀಚೆ ನಿಲ್ತು, 44 ಕಾರ್ಡಿನ ಲಿಸ್ಟ್ ಮಾಡಿ ಶಫಲ್ ಮಾಡಿ ಮೊದಲ ಮೂರು ನೋಡೋದು ಅಷ್ಟೇ, ಹತ್ತು ಲೈನ್ ಕೂಡ ಬೇಡ.

ಕುಡ್ಲ_ಗೇಮರ್

ಮಾರಾಯ್ರೆ, ನಿಮ್ಮ ಲೆಕ್ಕ ಎಲ್ಲ ಸರಿ ಉಂಟು, ಆದ್ರೆ ಆ ಜನಕ್ಕೆ ಬೇಕಾದದ್ದು ಅದಲ್ಲ ಅಲ್ವಾ? ಅವರ ಕೈಯಲ್ಲಿ ಈಗಾಗ್ಲೇ ಮೂರು ಕಾರ್ಡ್ ಉಂಟು, ಸೆಟ್ ಇಲ್ಲ ಅಂತ ಗೊತ್ತುಂಟು, ಇನ್ನು 42 ಪರ್ಸೆಂಟ್ ಇಟ್ಟುಕೊಂಡು ಎಂತ ಮಾಡ್ಲಿಕ್ಕೆ? ನಾಲ್ಕನೇದು ಬಂದ್ರೆ 81.7 ಅಂತ ಅವರು ಹೇಳಿಕೊಂಡು ಹೋದ್ರೆ ಅದೂ ತಪ್ಪು.

ಅವರ ಹತ್ರ ಎರಡು ಕುದುರೆ, ಒಂದು ತೋಪು. ಈಗ ಕುದುರೆ ಬಂದ್ರೆ ಸೆಟ್, ಕಾಲಾಳು ಬಂದ್ರೆ ಸೆಟ್, ಜೋಕರ್ ಬಂದ್ರೆ ಸೆಟ್. ತೋಪು ಬಂದ್ರೆ ಮಾತ್ರ ಇಲ್ಲ. ಹೊಸ ಡೆಕ್ ಅಂತ ಇಟ್ಟುಕೊಳ್ಳುವ, ಉಳಿದ 41ರಲ್ಲಿ ಕುದುರೆ 12, ಕಾಲಾಳು 14, ಜೋಕರ್ 2, ಒಟ್ಟು 28. 41ರಲ್ಲಿ 28 ಅಂದ್ರೆ 68.3 ಪರ್ಸೆಂಟ್.

ಮತ್ತೆ ಟೇಬಲ್ ಮೇಲೆ ಆಗ್ಲೇ ಎರಡು ಸೆಟ್ ಬಿದ್ದಿದೆ ಅಲ್ವಾ, ಅದು ಎಲ್ಲರಿಗೂ ಕಾಣ್ತದೆ. ಯಾವ ಸೆಟ್ ಅಂತ ಹೇಳಿ ದಾಸರೇ, ಸರಿಯಾಗಿ ಹೇಳ್ಲಿಕ್ಕೆ ಆಗ್ತದೆ.

ದಾಳದ_ದಾಸ

ಮೊದಲ್ನೇದು ಮೂರೂ ಕಾಲಾಳು. ಎರಡನೇದು ತಲಾ ಒಂದು. ಜೋಕರ್ ಎರಡೂ ಇನ್ನೂ ಯಾರೂ ಇಳಿಸಿಲ್ಲ.

ಕುಡ್ಲ_ಗೇಮರ್

ಹಾಗಾದ್ರೆ ನೋಡಿ ಆಯ್ತಾ. ನಿಮ್ಮ 3, ಬಿದ್ದ 6, ಒಟ್ಟು 9 ಕಾರ್ಡ್ ನೀವು ನೋಡಿದ್ದು. ನೋಡದ್ದು 35. ಅದ್ರಲ್ಲಿ ಕಾಲಾಳು 14ರಿಂದ 4 ಹೋಗಿ 10, ಕುದುರೆ 14ರಿಂದ 3 ಹೋಗಿ 11, ತೋಪು 14ರಿಂದ 2 ಹೋಗಿ 12, ಜೋಕರ್ 2. ನಿಮಗೆ ಆಗುವಂಥದ್ದು 10+11+2, ಅಂದ್ರೆ 23. 35ರಲ್ಲಿ 23, 65.7 ಪರ್ಸೆಂಟ್. ಎರಡೂ ಜೋಕರ್ ಮೊದಲೇ ಬಿದ್ದು ಹೋಗಿದ್ದಿದ್ರೆ ಇನ್ನೊಂದು ಎರಡು ಮೂರು ಪರ್ಸೆಂಟ್ ಕಮ್ಮಿ ಆಗ್ತಿತ್ತು, ಅಷ್ಟೇ. ಬಿದ್ದ ಕಾರ್ಡ್ ಲೆಕ್ಕ ಇಡೋದ್ರಿಂದ ಆಟ ತಿರುಗಿ ಬೀಳ್ತದೆ ಅಂತ ಕೆಲವರು ದೊಡ್ಡದಾಗಿ ಹೇಳ್ತಾರೆ, ಅಷ್ಟೆಲ್ಲ ಏನಿಲ್ಲ. ಡೆಕ್ ತೆಳ್ಳಗಾದ ಮೇಲೆ ಮಾತ್ರ ಅದಕ್ಕೆ ಬೆಲೆ.

ಹುಬ್ಬಳ್ಳಿ_ಹುಲಿ

ತಡೀರಿ. ಆ 35 ಎಲ್ಲಾ ಡೆಕ್ಕಿನಾಗ ಎಲ್ಲದಾವ್ರಿ? ಎಡಗಡೀ ಮನಷ್ಯಾನ ಕೈಯಾಗ ನಾಕು, ಉಳಿದಿಬ್ರ ಕೈಯಾಗೂ ಇರ್ತಾವ. ಅವು ದಾಸಪ್ಪಗ ಬರೂದ ಇಲ್ಲ. ಅಂದಮ್ಯಾಲ 35ರಿಂದ ಭಾಗ್ಸೂದು ಹ್ಯಾಂಗ ಸರಿ?

ಗಣಿತದ_ಮೇಷ್ಟ್ರು

ಒಳ್ಳೇ ಪ್ರಶ್ನೆ. ಕ್ಲಾಸಲ್ಲೂ ಪ್ರತಿ ವರ್ಷ ಯಾರಾದ್ರೂ ಒಬ್ಬ ಇದನ್ನ ಕೇಳೇ ಕೇಳ್ತಾನೆ. ಅವರ ಕೈಯಲ್ಲಿರೋ ಕಾರ್ಡ್ ಯಾವುವು ಅಂತ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ಕಾರ್ಡ್ ಅವನ ಕೈಲಿದ್ರೂ ಒಂದೇ, ಡೆಕ್ಕಿನ ತಳದಲ್ಲಿದ್ರೂ ಒಂದೇ. ನೋಡದ 35 ಕಾರ್ಡನ್ನ ಒಂದು ಸಾಲಾಗಿ ಜೋಡಿಸಿದೀವಿ ಅಂದ್ಕೊಳಿ, ಮೊದಲ ಹನ್ನೊಂದು ಬೇರೆಯವರ ಕೈಗೆ ಹೋಗಿವೆ, ಹನ್ನೆರಡನೇದು ದಾಸರಿಗೆ. ಹನ್ನೆರಡನೇ ಜಾಗದಲ್ಲಿ ತೋಪು ಇರೋ ಚಾನ್ಸೂ ಮೊದಲನೇ ಜಾಗದಲ್ಲಿ ತೋಪು ಇರೋ ಚಾನ್ಸೂ ಎರಡೂ 35ಕ್ಕೆ 12. ಹಾಗಾಗಿ 35ರಿಂದಲೇ ಭಾಗಿಸಬೇಕು.

ಕಮ್ಚಟ್ಕಾ_ಕಾವಲುಗಾರ

ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಅದು ಎದುರಾಳಿಗಳು ಬಾಯಿ ಕಣ್ಣು ಮುಚ್ಕೊಂಡು ಕಾರ್ಡ್ ಎತ್ತಿ ಇಟ್ಕೊಂಡಿದಾರೆ ಅನ್ನೋ ಲೆಕ್ಕ. ಅವರು ಆಡ್ತಾ ಇದಾರೆ ಸ್ವಾಮಿ. ಏನು ಮಾಡಿದ್ರು ಅನ್ನೋದಕ್ಕಿಂತ ಏನು ಮಾಡ್ಲಿಲ್ಲ ಅನ್ನೋದ್ರಲ್ಲಿ ಸುದ್ದಿ ಜಾಸ್ತಿ ಇರುತ್ತೆ.

ಎಡಗಡೆಯವನ ಹತ್ರ ನಾಲ್ಕು ಕಾರ್ಡ್ ಇದೆ. ಅವನ ಹತ್ರ ಸೆಟ್ ಇರೋ ಚಾನ್ಸ್ ಎಷ್ಟು ಅಂತ ಕೇಳಿದ್ರೆ ಎಲ್ರೂ 81.7 ಅಂತೀರ. ಕಾರ್ಡ್ ಬರೋದು ಯಾವಾಗ? ಟರ್ನ್ ಮುಗಿಯೋವಾಗ, ಅದೂ ಒಂದು ದೇಶನಾದ್ರೂ ಗೆದ್ದಿದ್ರೆ. ಸೆಟ್ ಕೊಡೋದು ಯಾವಾಗ? ಟರ್ನ್ ಶುರುವಾಗೋವಾಗ. ಅಂದ್ರೆ ಅವನು ಹೋದ ಟರ್ನ್ ಶುರು ಮಾಡ್ದಾಗ ಅವನ ಕೈಲಿ ಮೂರೇ ಇತ್ತು, ಆಗ ಸೆಟ್ ಕೊಡ್ಲಿಲ್ಲ, ಟರ್ನ್ ಕೊನೇಲಿ ನಾಲ್ಕನೇದು ಬಂತು. ಅವನು ಸೆಟ್ ಸಿಕ್ಕ ತಕ್ಷಣ ಕೊಟ್ಟುಬಿಡೋ ಜಾತಿ ಆಗಿದ್ರೆ ಆ ಮೂರರಲ್ಲಿ ಸೆಟ್ ಇರ್ಲಿಲ್ಲ ಅಂತ ಗ್ಯಾರಂಟಿ ಆಯ್ತು. ಆಗ ಅವನೂ ದಾಸರ ಥರನೇ, ಎರಡು ಒಂದೇ ಜಾತಿ, ಒಂದು ಬೇರೆ, ಅವನ ಚಾನ್ಸು 41ಕ್ಕೆ 28, 68 ಪರ್ಸೆಂಟ್. ಬಿದ್ದ ಕಾರ್ಡ್ ನೋಡಿ ಸ್ವಲ್ಪ ಆಚೀಚೆ ಆಗ್ಬಹುದು. ಅದೇ ಅವನು ಸೆಟ್ ಇದ್ರೂ ಬಚ್ಚಿಟ್ಟು ರೇಟ್ ಏರ್ಲಿ ಅಂತ ಕಾಯೋ ಕಳ್ಳ ಆಗಿದ್ರೆ 82ರ ಹತ್ರ ಹೋಗುತ್ತೆ.

ಮೂರು ಕಾರ್ಡ್ ಇರೋನ ವಿಷಯದಲ್ಲಿ ಈ ತಕರಾರಿಲ್ಲ, ಯಾಕಂದ್ರೆ ಅವನು ಟರ್ನ್ ಶುರು ಮಾಡಿದಾಗ ಇದ್ದಿದ್ದು ಎರಡು, ಎರಡರಲ್ಲಿ ಯಾರಿಗೂ ಸೆಟ್ ಆಗಲ್ಲ, ಹಾಗಾಗಿ 42 ಅಂದ್ರೆ 42ನೇ.

ಗಣಿತದ_ಮೇಷ್ಟ್ರು

ಇದು ಚೆನ್ನಾಗಿದೆ ಕಾವಲುಗಾರರೇ. ತಾಳೆ ಕೂಡ ನೋಡಬಹುದು: ಮೂರರಲ್ಲಿ ಸೆಟ್ ಆಗದ್ದು 57.7 ಪರ್ಸೆಂಟ್, ಅದನ್ನ 13/41ರಿಂದ ಗುಣಿಸಿದ್ರೆ 18.3, ನಾನು ಮೇಲೆ ಬೇರೆ ದಾರೀಲಿ ತೆಗೆದ ಸಂಖ್ಯೆಯೇ ಬಂತು.

ದಾಳದ_ದಾಸ

ಅವನು ಸಿಕ್ಕ ತಕ್ಷಣ ಕೊಡೋ ಪಾರ್ಟಿನೇ. ಮೊದಲ ಸೆಟ್ ಮೂರು ಕಾಲಾಳು ಕೊಟ್ಟು ಬರೀ 4 ಸೈನ್ಯ ತಗೊಂಡಿದ್ದು ಇವನೇ, ಎಲ್ರೂ ನಕ್ಕಿದ್ವಿ.

ಕಮ್ಚಟ್ಕಾ_ಕಾವಲುಗಾರ

ಹಾಗಾದ್ರೆ 68ರ ಆಸುಪಾಸು ಇಟ್ಕೊಳಿ. ನೀವು ಸುಮ್ನೆ ಬಿಟ್ರೆ ಮೂರರಲ್ಲಿ ಎರಡು ಸಲ ಅವನು 8 ಸೈನ್ಯ ಇಳಿಸಿಕೊಂಡು ನೇರ ಇಂಡಿಯಾಕ್ಕೆ ನುಗ್ತಾನೆ.

ಈಗ ಎರಡನೇ ಪ್ರಶ್ನೆ, ಅವನನ್ನ ಮುಗಿಸೋದು. ಇಂಡಿಯಾದಿಂದ ಸಯಾಂ, ಅಲ್ಲಿಂದ ಇಂಡೋನೇಷ್ಯಾ, ನ್ಯೂ ಗಿನಿ, ವೆಸ್ಟರ್ನ್ ಆಸ್ಟ್ರೇಲಿಯಾ, ಒಂದೇ ದಾರಿ, ಹಿಂದೆ ತಿರುಗೋದೇ ಬೇಡ. ನಿಮ್ಮ 12ಕ್ಕೆ 4 ಸೇರಿ 16. ಮೂರು ದಾಳ ಹಾಕ್ತಾ ಹೋದ್ರೆ 2 ಸೈನ್ಯದ ದೇಶ ಒಂದಕ್ಕೆ ಸರಾಸರಿ ಒಂದೂವರೆ ನಿಮ್ಮದು ಸಾಯುತ್ತೆ, 3ರ ಸಯಾಮಿಗೆ 2.3. ನಾಲ್ಕೂ ಸೇರಿ ಹತ್ತಿರ ಹತ್ತಿರ 7. ಹಿಂದೆ ಬಿಟ್ಟು ಹೋಗ್ಬೇಕಾದ್ದು ಇಂಡಿಯಾ, ಸಯಾಂ, ಇಂಡೋನೇಷ್ಯಾ, ನ್ಯೂ ಗಿನಿಲಿ ಒಂದೊಂದು, ಅದು 4. 16ರಲ್ಲಿ 11 ಹೋಗಿ ಕೊನೆಗೆ ಕೈಲಿ 5 ಉಳಿಯೋ ಲೆಕ್ಕ. ದಾಳ ಕೈಕೊಟ್ರೆ ಮಧ್ಯದಲ್ಲೇ ನಿಲ್ತೀರ, ಅದು ನಿಜ, ಆದ್ರೆ 5ರಷ್ಟು ಮಾರ್ಜಿನ್ ಇದೆ.

ಗೆದ್ರೆ ಏನಾಗುತ್ತೆ ನೋಡಿ. ನಿಮ್ಮ 3, ಅವನ 4, ಒಟ್ಟು 7 ಕಾರ್ಡ್. ಯಾರನ್ನಾದ್ರೂ ಮುಗಿಸಿದಾಗ ಕೈಲಿ 6 ಅಥವಾ ಜಾಸ್ತಿ ಆದ್ರೆ ಟರ್ನ್ ಮಧ್ಯದಲ್ಲೇ ಸೆಟ್ ಕೊಡ್ಲೇಬೇಕು, ಐದಕ್ಕಿಂತ ಜಾಸ್ತಿ ಇರೋದ್ರಿಂದ ಸೆಟ್ ಇದ್ದೇ ಇರುತ್ತೆ. ಅಲ್ಲೇ 8 ಸೈನ್ಯ, ಬೇಕಿದ್ರೆ ಅದ್ರಲ್ಲಿ ಮುಂದಿನವನ ಮೇಲೆ ಹೋಗಿ. ಉಳಿಯೋದು 4 ಕಾರ್ಡ್, ಅಲ್ಲಿಗೆ ನಿಲ್ಲಿಸ್ಬೇಕು. ಟರ್ನ್ ಕೊನೇಲಿ ದೇಶ ಗೆದ್ದಿದ್ದಕ್ಕೆ ಒಂದು ಕಾರ್ಡ್, ಆಗ 5. ಮುಂದಿನ ಟರ್ನ್ ಶುರುವಲ್ಲಿ ಐದು ಕಾರ್ಡ್ ಅಂದ್ರೆ ಮತ್ತೆ ಸೆಟ್ ಗ್ಯಾರಂಟಿ, ಈ ಸಲ ಕಡಿಮೆ ಅಂದ್ರೂ 10, ಮಧ್ಯೆ ಬೇರೆಯವರು ಕೊಟ್ಟಿದ್ರೆ 12, 15. ಒಂದು ಕಡೆ 65.7 ಪರ್ಸೆಂಟ್ ಚಾನ್ಸಿಗೆ ಒಂದು ಸೆಟ್, ಇನ್ನೊಂದು ಕಡೆ ದಾಳ ನೆಟ್ಟಗಿದ್ರೆ ಎರಡು ಸೆಟ್ ಪಕ್ಕಾ. ನಾನಂತೂ ಯೋಚನೇನೇ ಮಾಡಲ್ಲ.

ಕುಡ್ಲ_ಗೇಮರ್

ಒಂದು ವಿಷಯ ಮರೀಬೇಡಿ, ಎದುರಾಳಿ ಹತ್ರ ಎರಡೇ ಕಾರ್ಡ್ ಇದ್ದಿದ್ರೆ 3+2 ಐದು ಆಗ್ತಿತ್ತು, ಆಗ ಮಧ್ಯದಲ್ಲಿ ಕೊಡ್ಲಿಕ್ಕೆ ಇಲ್ಲ, ಮುಂದಿನ ಟರ್ನ್ ವರೆಗೆ ಕಾಯ್ಬೇಕು. ಅಷ್ಟರಲ್ಲಿ ನಿಮ್ಮನ್ನೇ ಯಾರಾದ್ರೂ ಮುಗಿಸಿ ಆ ಕಾರ್ಡ್ ತೆಗೊಂಡು ಹೋಗ್ತಾರೆ. ನಮ್ಮ ಟೇಬಲಲ್ಲಿ ಈ ರೂಲಿಗೇ ಹೆಚ್ಚು ಜಗಳ ಆಗೋದು. ಅದೇ ನಿಮ್ಮ ಹತ್ರ 4, ಅವನ ಹತ್ರ 4 ಇದ್ರೆ ಒಟ್ಟು ಎಂಟು, ಆಗ ಒಂದೇ ಟರ್ನಲ್ಲಿ ಎರಡು ಸೆಟ್ ಗ್ಯಾರಂಟಿ, ಒಂದು ಕೊಟ್ಟ ಮೇಲೂ ಐದು ಉಳೀತದೆ ಅಲ್ವಾ.

ಸನ್ನಿವೇಲ್_ಸೀನ

ನಾನು ಮೊಬೈಲ್ ಆಪಲ್ಲಿ ಫಿಕ್ಸೆಡ್ ಮೋಡ್ ಆಡೋದು, ಅಲ್ಲಿ ರೇಟ್ ಏರಲ್ಲ, ಮೂರು ಕಾಲಾಳು 4, ಮೂರು ಕುದುರೆ 6, ಮೂರು ತೋಪು 8, ತಲಾ ಒಂದು 10. ಅಲ್ಲಿ ಸಣ್ಣ ಸೆಟ್ ಬಂದ್ರೆ ಕೊಡ್ಬೇಕಾ, 10ಕ್ಕೆ ಕಾಯ್ಬೇಕಾ?

ಗಣಿತದ_ಮೇಷ್ಟ್ರು

ಮೊದಲು ಎಷ್ಟು ಸಲ 10 ಬರುತ್ತೆ ನೋಡೋಣ. ಸೆಟ್ ಆಗೋ 5,600 ಕೈಯಲ್ಲಿ ತಲಾ ಒಂದು ಇರೋದು 2,744. ಒಂದು ಜೋಕರ್ ಜೊತೆ ಎರಡು ಬೇರೆ ಜಾತಿ ಬಂದ್ರೂ 10 ಆಗುತ್ತೆ, ಅವು 1,176. ಎರಡು ಜೋಕರ್ ಒಂದು ಕಾರ್ಡ್, ಅವು 42. ಒಟ್ಟು 3,962, ಅಂದ್ರೆ ಮೂರು ಕಾರ್ಡಲ್ಲಿ ಸೆಟ್ ಆದ್ರೆ ನೂರಕ್ಕೆ 71 ಸಲ ಅದು ಹತ್ತರ ಸೆಟ್ಟೇ. ಉಳಿದ 1,638 ಮೂರು ಜಾತಿಗೂ ಸಮವಾಗಿ 546ರ ಹಾಗೆ. ಸರಾಸರಿ ಬೆಲೆ 8.83. ಆದ್ದರಿಂದ ಕೈಲಿ ಮೂರು ಕಾಲಾಳು ಬಂದು 4 ಸಿಗೋ ಹಾಗಿದ್ರೆ, ಅದು ಸರಾಸರಿಯ ಅರ್ಧವೂ ಅಲ್ಲ, ಮೈಮೇಲೆ ಬಿದ್ದಿಲ್ಲ ಅಂದ್ರೆ ಒಂದು ಟರ್ನ್ ತಡೆಯಬಹುದು. 8 ಬಂದ್ರೆ ಕಾಯೋದ್ರಲ್ಲಿ ಅರ್ಥ ಕಾಣ್ಸಲ್ಲ.

ಹುಬ್ಬಳ್ಳಿ_ಹುಲಿ

ಈ ಆಟ ಮಾಡ್ದಾವ 1957ರಾಗ ಫ್ರಾನ್ಸಿನಾಗ ಸಿನಿಮಾ ತಗೀತಿದ್ದ ಅಲ್ಬೆರ್ ಲಾಮೊರಿಸ್ ಅನ್ನಾಂವ, ಅವಾ ಇಷ್ಟೆಲ್ಲಾ ಲೆಕ್ಕಾ ಹಾಕಿದ್ನೋ ಇಲ್ಲೋ ದೇವ್ರಿಗೇ ಗೊತ್ತು. ನನ್ನ ಅನುಭವದಾಗ ಇಷ್ಟಿಷ್ಟು ಪರ್ಸೆಂಟ್ ಅಂತ ಕಾಗದದಾಗ ಇದ್ದಂಗ ಟೇಬಲ್ ಮ್ಯಾಲ ಬರೂದುಲ್ರೀ.

ಕುಡ್ಲ_ಗೇಮರ್

ಅದಕ್ಕೆ ಒಂದು ಕಾರಣ ಉಂಟು ಹುಲಿಯವರೇ. ಡೆಕ್ ಮುಗಿದಾಗ ಬಿದ್ದ ಕಾರ್ಡನ್ನೇ ಕಲಸಿ ಮತ್ತೆ ಇಡ್ತೇವೆ. ಬಿದ್ದದ್ದೆಲ್ಲ ಸೆಟ್ ಸೆಟ್ಟಾಗಿಯೇ ಬಿದ್ದದ್ದು, ಮೂರು ತೋಪು ಒಟ್ಟಿಗೆ, ತಲಾ ಒಂದು ಒಟ್ಟಿಗೆ ಹಾಗೆ. ಎರಡು ಸಲ ಕಾಟಾಚಾರಕ್ಕೆ ಕಲಸಿ ಇಟ್ರೆ ಆ ಗುಂಪು ಒಡೆಯೋದೇ ಇಲ್ಲ. ಟೇಬಲ್ ಮೇಲೆ ಹರಡಿ ಎರಡೂ ಕೈಯಲ್ಲಿ ಚೆನ್ನಾಗಿ ತಿರುವಿ, ಇಸ್ಪೀಟು ಆಡುವಾಗ ಮಾಡ್ತೇವಲ್ಲ ಹಾಗೆ.

ದಾಳದ_ದಾಸ

ಇನ್ನೊಂದು ಡೌಟ್. ಸೆಟ್ಟಲ್ಲಿರೋ ಕಾರ್ಡ್ ಮೇಲೆ ನಮ್ಮದೇ ದೇಶ ಇದ್ರೆ ಎಕ್ಸ್ಟ್ರಾ 2 ಸೈನ್ಯ ಬರುತ್ತಲ್ಲ, ಅದರ ಚಾನ್ಸು?

ಗಣಿತದ_ಮೇಷ್ಟ್ರು

ನಿಮ್ಮದು 14 ದೇಶ. ಜೋಕರ್ ಇಲ್ಲದ ಮೂರು ಕಾರ್ಡಲ್ಲಿ ಒಂದೂ ನಿಮ್ಮದಲ್ಲದಿರೋ ಕೈ 28ರಿಂದ 3, ಅಂದ್ರೆ 3,276. 11,480ರಲ್ಲಿ ಅದು 28.5 ಪರ್ಸೆಂಟ್. ಹಾಗಾಗಿ ಒಂದಾದ್ರೂ ನಿಮ್ಮದಿರೋದು 71.5. ಎರಡು ಮೂರು ಕಾರ್ಡ್ ಹೊಂದಿದ್ರೂ ಒಂದು ಟರ್ನಿಗೆ 2 ಮಾತ್ರ, ಅದನ್ನೂ ಆ ದೇಶದ ಮೇಲೇ ಇಡ್ಬೇಕು. ನೀವು ನಾಲ್ಕು ದೇಶ ಗೆದ್ದ ಮೇಲೆ 18 ಆಗಿರುತ್ತೆ, ಚಾನ್ಸು ಇನ್ನೂ ಏರುತ್ತೆ.

ಹೊಸ_ಸಿಪಾಯಿ

ನಾನು ಇವತ್ತೇ ಸೇರಿದ್ದು, ಸುಮ್ನೆ ಓದ್ತಾ ಇದ್ದೆ. ಕೈಲಿ ಮೂರು ತೋಪು ಒಂದು ಜೋಕರ್ ಇದ್ರೆ ಯಾವ್ದು ಕೊಡ್ಬೇಕು? ಜೋಕರ್ ಸೇರಿಸಿ ಕೊಟ್ರೂ ಸೆಟ್ಟೇ ಅಲ್ವಾ.

ಕಮ್ಚಟ್ಕಾ_ಕಾವಲುಗಾರ

ಜೋಕರ್ ಮುಟ್ಟಬೇಡಿ. ಮೂರು ತೋಪು ಕೊಟ್ಟು ಜೋಕರ್ ಉಳಿಸ್ಕೊಂಡ್ರೆ ಇನ್ನೆರಡು ಯಾವ ಕಾರ್ಡ್ ಬಂದ್ರೂ ಸೆಟ್, 100 ಪರ್ಸೆಂಟ್. ತೋಪು ಉಳಿಸ್ಕೊಂಡ್ರೆ ಅದೇ ಎರಡು ಕಾರ್ಡ್ ಆದ್ಮೇಲೆ 37ರ ಹತ್ರ. ಒಂದೇ ಒಂದು ಕಡೆ ಉಲ್ಟಾ ಮಾಡ್ತೀನಿ, ನಾನು ಈ ಟರ್ನಲ್ಲೋ ಮುಂದಿನದ್ರಲ್ಲೋ ಸಾಯ್ತೀನಿ ಅಂತ ಗೊತ್ತಾದ್ರೆ. ಆಗ ಜೋಕರ್ ಇಟ್ಕೊಂಡು ಕೂತ್ರೆ ಅದು ನನ್ನ ಕೊಂದೋನ ಕೈಗೇ ಹೋಗೋದು.

ಹುಬ್ಬಳ್ಳಿ_ಹುಲಿ

ಇದೊಂದ್ ಮಾತಿಗೆ ನಂದೂ ಒಪ್ಪಿಗಿ ಐತ್ರೀ. ದಾಸಪ್ಪ, ರವಿವಾರ ಸಯಾಂನಾಗ ದಾಳಾ ಹ್ಯಾಂಗ ಬಿತ್ತು ಅಂತ ಇಲ್ಲೇ ಬಂದು ಹೇಳ್ರಿ.